ಮೊದಲು ಜೀವ, ಅನಂತರ ವಿಚಾರಣೆ

ಶ್ರೀಮಠದ ಭಕ್ತರೊಬ್ಬರು ಕಳೆದ ವರ್ಷ ನಮ್ಮ ಚಿಕಿತ್ಸಾಲಯಕ್ಕೆ ಬಂದು, ಬೆಂಗಳೂರಿನಲ್ಲಿ ಓದುತ್ತಿರುವ ಮಗನಿಗೆ ‘ಮೈಯ ಉಷ್ಣ ಇಳಿಸುವ ಔಷಧಿ’ ಬೇಕೆಂದು ಕೇಳಿದರು. ವಿಚಾರಿಸುತ್ತ ಹೋದಂತೆ ನಿಜಸಂಗತಿ ಹೊರಬಿದ್ದಿತು. ಗೆಳೆಯನ ಹುಟ್ಟುಹಬ್ಬದ ರಾತ್ರಿ ಆ ಹುಡುಗನು ಯಾರೋ ಕೊಟ್ಟ ಗುಳಿಗೆಯನ್ನು ನುಂಗಿ, ಗಂಟೆಗಟ್ಟಲೆ ಕುಣಿದು, ಕಡೆಗೆ ಕೆಂಡದಂತೆ ಕಾದ ಮೈಯಲ್ಲಿ ಅಸಂಬದ್ಧವಾಗಿ ಮಾತನಾಡುತ್ತ ಕುಸಿದಿದ್ದನು. ಜೊತೆಯಲ್ಲಿದ್ದವರು ಪೊಲೀಸರ ಭಯದಿಂದ ಅವನನ್ನು ಕೋಣೆಯಲ್ಲಿ ಮಲಗಿಸಿ, ಹೊರಗಿನಿಂದ ಚಿಲಕ ಹಾಕಿದ್ದರು. ಕಟ್ಟಡದ ಕಾವಲುಗಾರನು 108ಕ್ಕೆ ಕರೆ ಮಾಡಿದ್ದರಿಂದ ಪ್ರಾಣ ಉಳಿಯಿತು. ಇಷ್ಟನ್ನು ಹೇಳಿ ಮುಗಿಸಿದ ತಂದೆಯು, “ಡಾಕ್ಟರೇ, ಈ ಸುದ್ದಿ ಮಠದ ತನಕ ಹೋಗಬಾರದು” ಎಂದು ಕೈಮುಗಿದರು.

ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ ಇದನ್ನು ಬರೆಯುತ್ತಿದ್ದೇವೆ. ಗೆಳೆಯರು ಪೊಲೀಸರಿಗೆ ಅಂಜಿದರು. ತಂದೆಯು ನಮಗೆ, ಅಂದರೆ ಈ ಭಕ್ತಸಮುದಾಯಕ್ಕೆ ಅಂಜಿದರು. ಈ ಎರಡು ಅಂಜಿಕೆಗಳು ಗುಳಿಗೆಯಷ್ಟೇ ಅಪಾಯಕಾರಿಯೆಂಬುದು ನಮ್ಮ ಅಭಿಪ್ರಾಯ.

ದುಶ್ಚಟದ ವಿರುದ್ಧದ ಹೋರಾಟ ನಮ್ಮ ಪರಂಪರೆಗೆ ಹೊಸತಲ್ಲ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು, ಜನರಿಂದ ಅವರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಲಾರಂಭಿಸಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಮಾದಕವಸ್ತುವನ್ನು ಮುಟ್ಟದಿರುವುದೇ ಶ್ರೇಷ್ಠವೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೆ ಜೋಳಿಗೆಗೆ ಚಟವನ್ನು ಹಾಕಬೇಕಾದ ಕೈಯು ಅಲ್ಲಿಯವರೆಗೆ ಜೀವಂತವಾಗಿರಬೇಕಲ್ಲವೇ?

ಎಕ್ಸ್‌ಟಸಿ ಎಂದು ಕರೆಯಲಾಗುವ ಎಂಡಿಎಂಎ ಗುಳಿಗೆಯು ದೇಹದ ಉಷ್ಣತೆಯನ್ನು ಏರಿಸುತ್ತದೆ. ದಣಿವು, ಬಾಯಾರಿಕೆಗಳ ಎಚ್ಚರಿಕೆಯನ್ನು ಮರೆಸುತ್ತದೆ. ಗಾಳಿಯಾಡದ ಕಿಕ್ಕಿರಿದ ಸ್ಥಳದಲ್ಲಿ ಕುಣಿದಾಗ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸ್ನಾಯುಗಳು ಶಿಥಿಲಗೊಂಡು, ಮೂತ್ರಪಿಂಡಗಳು ಕೆಟ್ಟು, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ತಪ್ಪುತ್ತದೆ. ಇದಕ್ಕೆ ಹೆದರಿ ಬಿಂದಿಗೆಗಟ್ಟಲೆ ನೀರು ಕುಡಿಯುವುದೂ ಘಾತಕವೇ. ಈ ದ್ರವ್ಯವು ಮೂತ್ರವನ್ನು ತಡೆಹಿಡಿಯುವುದರಿಂದ ರಕ್ತದ ಸೋಡಿಯಂ ತಗ್ಗಿ ಮಿದುಳು ಊದಿಕೊಳ್ಳುತ್ತದೆ. 1995ರಲ್ಲಿ ಇಂಗ್ಲೆಂಡಿನ 18 ವರ್ಷದ ತರುಣಿಯೊಬ್ಬಳು ಒಂದು ಗುಳಿಗೆ ನುಂಗಿ, ಅಲ್ಪಕಾಲದಲ್ಲಿ ಹಲವು ಲೀಟರ್ ನೀರು ಕುಡಿದು ಪ್ರಾಣ ಕಳೆದುಕೊಂಡದ್ದು ಈ ಕಾರಣದಿಂದಲೇ. ಕುಣಿಯುವವನಿಗೆ ಗಂಟೆಗೆ ಸುಮಾರು ಅರ್ಧ ಲೀಟರ್, ಸುಮ್ಮನೆ ಕುಳಿತವನಿಗೆ ಅದರ ಅರ್ಧ, ಅದೂ ಗುಟುಕು ಗುಟುಕಾಗಿ ಸಾಕು.

ಗುಳಿಗೆಯೊಳಗೆ ಏನಿದೆಯೆಂಬುದು ಮಾರುವವನಿಗೂ ತಿಳಿದಿರುವುದಿಲ್ಲ. ಎಂಡಿಎಂಎ ಹೆಸರಿನಲ್ಲಿ ಪಿಎಂಎ ಎಂಬ ಹೆಚ್ಚು ವಿಷಕಾರಿ ದ್ರವ್ಯ ಮಾರಾಟವಾದದ್ದುಂಟು. ಅದರ ಪರಿಣಾಮ ತಡವಾಗಿ ತೋರುವುದರಿಂದ, ‘ಇದು ಏರಲಿಲ್ಲ’ವೆಂದು ಎರಡನೆಯ ಗುಳಿಗೆ ನುಂಗಿದವರು ಸತ್ತಿದ್ದಾರೆ. ಮದ್ಯ, ನಿದ್ರೆಗುಳಿಗೆ, ಅಫೀಮು ಜಾತಿಯ ನೋವುನಿವಾರಕ ಇವುಗಳನ್ನು ಒಂದರೊಡನೊಂದು ಬೆರೆಸಿದರೆ ಉಸಿರಾಟವೇ ನಿಲ್ಲಬಹುದು. ಖಿನ್ನತೆಗೆ ಮಾತ್ರೆ ಸೇವಿಸುತ್ತಿರುವವರು ಎಂಡಿಎಂಎ ತೆಗೆದುಕೊಂಡರೆ ಕೆಲವು ಮಾತ್ರೆಗಳ ಸಂಯೋಗದಿಂದ ಜ್ವರ, ನಡುಕ, ಸೆಟೆತ ಉಂಟಾಗಿ ಪ್ರಾಣಾಪಾಯವಾಗಬಹುದು.

ವ್ಯಸನಮುಕ್ತಿ ಶಿಬಿರ ಮುಗಿಸಿದವರ ಮನೆಯವರು ಇನ್ನೊಂದು ಮಾತನ್ನು ಅವಶ್ಯ ನೆನಪಿಡಬೇಕು. ಹೆರಾಯಿನ್ ಮುಂತಾದ ಅಫೀಮು ಜಾತಿಯ ದ್ರವ್ಯಗಳನ್ನು ಕೆಲವು ವಾರ ಬಿಟ್ಟವನ ದೇಹವು ಹಳೆಯ ಪ್ರಮಾಣವನ್ನು ತಾಳಲಾರದು. ಅವನು ಒಂದು ದಿನ ಎಡವಿ ಮೊದಲಿನಷ್ಟೇ ತೆಗೆದುಕೊಂಡರೆ ಅದೇ ಕೊನೆಯಾದೀತು. ಆದ್ದರಿಂದ ಶಿಬಿರದ ಮಂಗಲದೊಡನೆ ನಮ್ಮ ಹೊಣೆ ಮುಗಿಯುವುದಿಲ್ಲ. ‘ಮತ್ತೆ ಮುಟ್ಟಿದರೆ ಮನೆಗೆ ಬರಬೇಡ’ ಎನ್ನುವ ಬದಲು ‘ಎಡವಿದರೆ ಒಬ್ಬನೇ ಇರಬೇಡ, ನಮ್ಮನ್ನು ಕರೆ’ ಎನ್ನಬೇಕು.

ಎಬ್ಬಿಸಿದರೂ ಏಳದಿರುವುದು, ಗೊರಗೊರ ಸದ್ದಿನ ನಿಧಾನ ಉಸಿರು, ನೀಲಿಗಟ್ಟಿದ ತುಟಿ, ಸುಡುವ ಮೈ, ಸೆಟೆತ, ಎದೆನೋವು, ಗೊಂದಲದ ಮಾತು, ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಬೇಕು. ಗೊರಗೊರ ಸದ್ದನ್ನು ಗೊರಕೆಯೆಂದು ಭಾವಿಸಿ ‘ಮಲಗಿಕೊಳ್ಳಲಿ’ ಎಂದು ಬಿಟ್ಟದ್ದರಿಂದ ಹೋದ ಜೀವಗಳಿವೆ. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿರುವವನನ್ನು ಮಗ್ಗುಲಾಗಿ ಮಲಗಿಸಿ, ವಾಂತಿಯು ಶ್ವಾಸನಾಳಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು. ಉಸಿರು ನಿಂತಿದ್ದರೆ 108ರವರ ಸೂಚನೆಯಂತೆ ಎದೆಯೊತ್ತಬೇಕು. ಮೈ ಸುಡುತ್ತಿದ್ದರೆ ಬಟ್ಟೆ ಸಡಿಲಿಸಿ, ನೀರು ಚಿಮುಕಿಸಿ, ಗಾಳಿ ಬೀಸಿ, ಕುತ್ತಿಗೆ ಕಂಕುಳುಗಳಲ್ಲಿ ತಣ್ಣೀರುಬಟ್ಟೆ ಇಡಬೇಕು. ಏನನ್ನು, ಎಷ್ಟು, ಯಾವಾಗ ಸೇವಿಸಿದನೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಅಫೀಮು ಜಾತಿಯ ವಿಷಕ್ಕೆ ನಲಾಕ್ಸೋನ್ ಎಂಬ ಪ್ರತ್ಯೌಷಧಿ ಇದೆ. ಸಕಾಲಕ್ಕೆ ದೊರೆತರೆ ನಿಂತುಹೋಗುತ್ತಿರುವ ಉಸಿರನ್ನು ಅದು ಮರಳಿಸಬಲ್ಲದು.

ಆಯುರ್ವೇದ ವೈದ್ಯರಾಗಿ ನಾವು ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಆ ಗಳಿಗೆಯಲ್ಲಿ ನಮ್ಮ ಯಾವ ಕಷಾಯವೂ ಚೂರ್ಣವೂ ಉಪಯೋಗಕ್ಕೆ ಬಾರದು. ನಿಂಬೆರಸ, ಮಜ್ಜಿಗೆ, ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸುವುದು ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಭಂಗಿ ಮತ್ತು ಅಫೀಮುಗಳನ್ನು ಶಾರ್ಙ್ಗಧರ ಸಂಹಿತೆಯು ‘ವ್ಯವಾಯಿ’ ದ್ರವ್ಯಗಳೆಂದು ಗುರುತಿಸಿದೆ. ಅಂದರೆ ಜೀರ್ಣವಾಗುವ ಮೊದಲೇ ದೇಹವನ್ನೆಲ್ಲ ವ್ಯಾಪಿಸುವಂಥವು. ಇಂದಿನ ಗುಳಿಗೆಗಳ ವೇಗಕ್ಕೂ ಈ ಮಾತು ಒಪ್ಪುತ್ತದೆ. ಜೀವ ಉಳಿದ ಮೇಲೆ ನಿದ್ರೆ, ಅಗ್ನಿ, ಮನಸ್ಸುಗಳನ್ನು ಸರಿಪಡಿಸುವಲ್ಲಿ ನಮ್ಮ ಶಾಸ್ತ್ರಕ್ಕೆ ಅದರದೇ ಆದ ಸ್ಥಾನವಿದೆ. ಅಹಿತವಾದ ಅಭ್ಯಾಸವನ್ನು ಒಮ್ಮೆಲೇ ಅಲ್ಲ, ಪಾದಭಾಗದಂತೆ ಕ್ರಮಕ್ರಮವಾಗಿ ಬಿಡಿಸಬೇಕೆಂದು ಚರಕಾಚಾರ್ಯರು ತಿಳಿಸಿದ್ದಾರೆ. ಬಿಡಲಾರದವನನ್ನು ಹೊರದೂಡದೆ, ಅವನು ನಿಂತಿರುವ ಮೆಟ್ಟಿಲಿನಿಂದಲೇ ಕೈಹಿಡಿದು ಇಳಿಸುವ ಈ ವಿವೇಕವು ಇಂದು ‘ಹಾನಿ ತಗ್ಗಿಸುವಿಕೆ’ ಎಂದು ಕರೆಯಲಾಗುವ ವಿಚಾರಕ್ಕೆ ದೂರವಾದುದಲ್ಲ.

‘ಇದನ್ನೆಲ್ಲ ತಿಳಿಸಿದರೆ ಮಕ್ಕಳಿಗೆ ನಾವೇ ಅನುಮತಿ ಕೊಟ್ಟಂತಾಗದೇ?’ ಎಂದು ಹಿರಿಯರು ಕೇಳುವುದು ಸಹಜ. ಹಾವು ಕಡಿದಾಗ ಏನು ಮಾಡಬೇಕೆಂದು ಕಲಿಸಿದವರು ಹುತ್ತಕ್ಕೆ ಕೈಯಿಡಲು ಹೇಳಿದಂತಾಗುವುದಿಲ್ಲ. ಮೇಲಿನ ಸಂಗತಿಗಳನ್ನು ಓದಿದ ತರುಣನಿಗೆ ಗುಳಿಗೆಯ ಮೇಲೆ ಆಸೆ ಹುಟ್ಟುವುದಕ್ಕಿಂತ ಎಚ್ಚರ ಮೂಡುವ ಸಂಭವವೇ ಹೆಚ್ಚು.

ಕಾನೂನಿನ ವಿಷಯವನ್ನೂ ತಿಳಿದಿರಬೇಕು. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಮಾದಕವಸ್ತು ಸೇವನೆ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಮು, ಸರ್ಕಾರದ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಸ್ವಯಿಚ್ಛೆಯಿಂದ ಚಿಕಿತ್ಸೆ ಪಡೆಯುವ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ತುರ್ತುಸ್ಥಿತಿಯಲ್ಲಿ ಪೊಲೀಸ್ ವಿಧಿವಿಧಾನಗಳಿಗೆ ಕಾಯದೆ ಜೀವ ಉಳಿಸುವುದು ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಸಾರಿದೆ. ಕರೆ ಮಾಡಿದ ಗೆಳೆಯನ ಬಗ್ಗೆ ಮಾತ್ರ 64ಎ ಕಲಮು ಮೌನವಾಗಿದೆ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯವು 2007ರಲ್ಲಿಯೇ ಅಂಥ ಗೆಳೆಯನಿಗೂ ರಕ್ಷಣೆ ಕೊಟ್ಟಿತು. ಅನಂತರ ಅಲ್ಲಿನ ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು. ರಸ್ತೆ ಅಪಘಾತದಲ್ಲಿ ನೆರವಾಗುವವರಿಗೆ ನಮ್ಮಲ್ಲಿ ಇರುವ ರಕ್ಷಣೆಯು ಇಲ್ಲಿಗೂ ವಿಸ್ತರಿಸಬೇಕೆಂಬುದು ನಮ್ಮ ಆಗ್ರಹ.

ಕಾನೂನು ಬದಲಾಗುವವರೆಗೆ ನಾವು ಕಾಯಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯನಿಗೂ, ಕನ್ನ ಹಾಕುತ್ತಿದ್ದ ಮಾರಿತಂದೆಗೂ ಶರಣರ ನಡುವೆ ಸ್ಥಾನವಿತ್ತು. ಅವರ ಹೆಸರುಗಳ ಹಿಂದೆ ಹಳೆಯ ಕಸುಬು ಇಂದಿಗೂ ಉಳಿದುಬಂದಿದೆ. ಅದನ್ನು ಮುಚ್ಚಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಅಂಥ ಪರಂಪರೆಯ ಮಠಕ್ಕೆ ಒಬ್ಬ ತಂದೆ ಮಗನ ಸಂಕಟವನ್ನು ಹೇಳಲು ಹೆದರುತ್ತಾನೆಂದರೆ ತಿದ್ದಿಕೊಳ್ಳಬೇಕಾದವರು ನಾವು.

ನಮ್ಮ ಪ್ರಸಾದನಿಲಯಗಳಲ್ಲಿ ಒಂದು ನಿಯಮವು ಜಾರಿಗೆ ಬರಲೆಂದು ಪೂಜ್ಯರ ಪಾದಗಳಲ್ಲಿ ವಿನಂತಿಸುತ್ತೇವೆ. ಸಂಕಟದಲ್ಲಿರುವ ಗೆಳೆಯನಿಗಾಗಿ ನೆರವು ಕರೆದ ವಿದ್ಯಾರ್ಥಿಯನ್ನಾಗಲಿ, ಚಿಕಿತ್ಸೆ ಬಯಸಿದವನನ್ನಾಗಲಿ ಅದೇ ಕಾರಣಕ್ಕೆ ನಿಲಯದಿಂದ ಹೊರಹಾಕತಕ್ಕದ್ದಲ್ಲ. ಈ ವಾಕ್ಯದೊಡನೆ 108, ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416 ಸಂಖ್ಯೆಗಳನ್ನು ಪ್ರತಿ ಕೋಣೆಯ ಬಾಗಿಲಿನ ಹಿಂದೆ ಅಂಟಿಸಲಿ. ತಂದೆತಾಯಿಗಳು ಇಂದು ರಾತ್ರಿಯೇ ಮಕ್ಕಳಿಗೆ ಫೋನು ಮಾಡಿ, ‘ಏನೇ ಆದರೂ ಮೊದಲು ಆಂಬುಲೆನ್ಸ್ ಕರೆ, ಆಮೇಲೆ ನಮ್ಮನ್ನು ಕರೆ, ಬೈಯುವುದಿದ್ದರೆ ನೀನು ಚೇತರಿಸಿಕೊಂಡ ಮೇಲೆ’ ಎಂದು ಹೇಳಲಿ.

ಆ ಹುಡುಗನು ಈಗ ಚೇತರಿಸಿಕೊಂಡಿದ್ದಾನೆ. ಕಾವಲುಗಾರನಿಗೆ ಅವನ ಹೆಸರೂ ಗೊತ್ತಿರಲಿಲ್ಲ, ಮನೆತನವೂ ಗೊತ್ತಿರಲಿಲ್ಲ. ಚಿಲಕ ತೆಗೆದು ಕರೆ ಮಾಡಿದ, ಅಷ್ಟೇ.