ಎರಡೇಟಿಗೆ ನಿಜ ಬರುತ್ತಾ?

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ಉಂಡೆ ಕೊಬ್ಬರಿ ಆಗುತ್ತೆ. ಹಾಗಾಗಿ ಒಂದು ಚೀಲ ಕೊಬ್ಬರಿ ಕಳುವಾದರೂ ಮನೆಯವರ ಹೊಟ್ಟೆ ಉರಿಯುತ್ತೆ, ಅದು ನಮಗೆ ಅರ್ಥವಾಗುತ್ತೆ. ಅನುಮಾನ ತೋಟದಲ್ಲಿ ಕಾಯಿ ಆಯೋ ಹದಿನೈದರ ಹುಡುಗನ ಮೇಲೆ ಬಿತ್ತು ಅಂದುಕೊಳ್ಳಿ. ಆಗ ಊರವರೇ ಹೇಳೋ ಮಾತು: "ಸ್ಟೇಷನ್‌ಗೆ ಕರ್ಕೊಂಡೋಗಿ ಎರಡೇಟು ಬಿಟ್ರೆ ಬಾಯಿ ಬಿಡ್ತಾನೆ."

ಬಾಯಿ ಬಿಡ್ತಾನೆ, ಸರಿ. ಆದರೆ ಏಟು ನಿಲ್ಲೋಕೆ ಏನು ಹೇಳಬೇಕೋ ಅದನ್ನೇ ಹೇಳ್ತಾನೆ. ಅವನು ಕದ್ದಿಲ್ಲದಿದ್ದರೆ ನಿಜವಾದ ಕಳ್ಳ ಚೀಲದ ಸಮೇತ ಆರಾಮಾಗಿರ್ತಾನೆ.

2015ರ ಬಾಲನ್ಯಾಯ ಕಾಯ್ದೆ ಪ್ರಕಾರ 18 ತುಂಬದವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. 2016ರ ಮಾದರಿ ನಿಯಮಗಳು ಇನ್ನೂ ಸ್ಪಷ್ಟ: ಕೋಳ ಹಾಕಬಾರದು, ತಪ್ಪೊಪ್ಪಿಗೆಗೆ ಒತ್ತಾಯ ಮಾಡಬಾರದು, ಹೇಳಿಕೆಗೆ ಸಹಿ ಹಾಕಿಸಬಾರದು. ವಿಚಾರಿಸುವಾಗ ತಂದೆತಾಯಿ ಜೊತೆಗಿರಬಹುದು.

ಕಾಯ್ದೆ ಮೆತ್ತಗಾಯ್ತು ಅನ್ನೋರಿದ್ದಾರೆ. 16 ದಾಟಿದವರು ಘೋರ ಅಪರಾಧ ಮಾಡಿದ ಆರೋಪವಿದ್ದರೆ, ಮಂಡಳಿ ಪರಿಶೀಲಿಸಿ ದೊಡ್ಡವರಂತೆ ವಿಚಾರಣೆಗೆ ಕಳಿಸೋಕೂ ಇದೇ ಕಾಯ್ದೆಯಲ್ಲಿ ದಾರಿ ಇದೆ. ಏಟಿಗೆ ಮಾತ್ರ ಎಲ್ಲೂ ದಾರಿ ಇಲ್ಲ.

ಬರೆದಿದ್ದೆಲ್ಲ ನಡೆಯುತ್ತಾ? ನಮ್ಮದೇ ರಾಜ್ಯದ ಬೀದರ್ ನೋಡಿ. 2020ರ ಜನವರಿಯಲ್ಲಿ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆ ಬಗ್ಗೆ ನಾಟಕ ಆಡಿದರು. ರಾಜದ್ರೋಹದ ಕೇಸಾಯ್ತು, ಪೊಲೀಸರು ಶಾಲೆಗೇ ಬಂದು ಮಕ್ಕಳನ್ನು ಪ್ರಶ್ನಿಸಿದರು. ಆ ಮಕ್ಕಳು ಆರೋಪಿಗಳೂ ಅಲ್ಲ. 2021ರ ಆಗಸ್ಟ್‌ನಲ್ಲಿ ಹೈಕೋರ್ಟ್ ಫೋಟೊಗಳನ್ನು ನೋಡಿ, ಸಮವಸ್ತ್ರದಲ್ಲಿ, ಆಯುಧ ಸಮೇತ ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೇ ಅವರ ಹಕ್ಕಿನ ಗಂಭೀರ ಉಲ್ಲಂಘನೆ ಎಂದಿತು. 2023ರಲ್ಲಿ ಶಾಲೆಯ ಆಡಳಿತದವರ ಮೇಲಿನ ರಾಜದ್ರೋಹದ ಕೇಸೂ ರದ್ದಾಯಿತು.

ಅಲ್ಲಿ ಫೋಟೊ ಇತ್ತು, ಕೋರ್ಟ್ ನೋಡಿತು. ನಮ್ಮ ತೋಟದ ಹುಡುಗನ ಫೋಟೊ ಯಾರು ತೆಗೀತಾರೆ? ನಮ್ಮಲ್ಲಿ ಎಷ್ಟೋ ಜನಕ್ಕೆ ಕಷ್ಟ ಬಂದರೆ ಫೋನ್ ಮಾಡೋಕೆ ಒಬ್ಬ ಮೇಷ್ಟ್ರೋ ವಕೀಲರೋ ಇರ್ತಾರೆ. ಅವನಿಗೆ ಅವರೂ ಇಲ್ಲ. ಹಾಗಾಗಿ ನಾವು ಮಾಡಬಹುದಾದ್ದು ಇಷ್ಟು: ಅವನ ಅಪ್ಪ-ಅಮ್ಮನ ಜೊತೆ ಠಾಣೆಗೆ ಹೋಗೋದು, "ಇಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಸಾರ್?" ಅಂತ ಕೇಳೋದು. ಪ್ರತಿ ಠಾಣೆಯಲ್ಲೂ ಒಬ್ಬರು ಇರಲೇಬೇಕು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಎಲ್ಲಕ್ಕಿಂತ ಮೊದಲು, ಅಂಗಡಿ ಕಟ್ಟೆ ಮೇಲೆ ಯಾರಾದರೂ "ಎರಡೇಟು ಬಿಡಿ" ಅಂದಾಗ ನಾವು ಸುಮ್ಮನೆ ತಲೆ ಆಡಿಸಬಾರದು.