ಕೂಡಿ ಕಟ್ಟುವ ದುಡ್ಡು ಯಾರ ಕೈಗೆ?



'ವಿಶ್ವವಿದ್ಯಾಲಯ ಅಂದರೆ ಒಂದು ಕುಟುಂಬ' ಅನ್ನೋ ಮಾತು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಕುಲಪತಿಗಳು ಹೇಳ್ತಾರೆ, ಕುಲಸಚಿವರು ಹೇಳ್ತಾರೆ, ಹಾರ ಹಾಕಿಸಿಕೊಂಡ ಮುಖ್ಯ ಅತಿಥಿಗಳೂ ಹೇಳ್ತಾರೆ. ಕುಟುಂಬ ಅಂದ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕಲ್ಲ ಸ್ವಾಮಿ? ಅದನ್ನು ಮಾತ್ರ ಯಾರೂ ಹೇಳೋದಿಲ್ಲ.

ಹೊರದೇಶದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಒಂದು ಪದ್ಧತಿ ಇದೆ. ಬೇರೆ ಬೇರೆ ವಿಭಾಗದ ನೌಕರರು ಕೂಡಿ ಒಂದು ಕೆಲಸ ಯೋಚಿಸಿದರೆ, ವಿಶ್ವವಿದ್ಯಾಲಯ ಸಣ್ಣ ಮೊತ್ತದ ಅನುದಾನ ಕೊಡುತ್ತದೆ. ಒಬ್ಬರ ಮುಖ ಒಬ್ಬರು ಕಾಣಲಿ, ಆವರಣದಲ್ಲಿ ಒಂದು ಸಮುದಾಯ ಬೆಳೆಯಲಿ ಅನ್ನೋದು ಉದ್ದೇಶ. ಇದು ನಮ್ಮಲ್ಲೂ ಬರಲಿ ಅಂತ ನಾವು ಒತ್ತಾಯಿಸುತ್ತೇವೆ. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆ ಇತ್ಯರ್ಥವಾಗಬೇಕು. ನೌಕರರು ಅಂದರೆ ಯಾರು?

ಬೆಳಗಿನ ಜಾವದಿಂದ ಲೆಕ್ಕ ಹಾಕೋಣ. ಮೊದಲು ಬರೋರು ಕಸ ಗುಡಿಸೋರು. ಆಮೇಲೆ ಹಾಸ್ಟೆಲ್ಲಿನ ಅಡುಗೆಯವರು, ಕಕ್ಕಸು ತೊಳೆಯೋರು, ತೋಟದವರು, ರಾತ್ರಿ ಪಾಳಿ ಮುಗಿಸಿ ಹೋಗೋ ಕಾವಲಿನವರು. ಹತ್ತೂವರೆಗೆ ಗುಮಾಸ್ತರು. ಹನ್ನೊಂದಕ್ಕೆ ಪ್ರಾಧ್ಯಾಪಕರು. ಕುಟುಂಬದ ಲೆಕ್ಕ ಶುರುವಾಗೋದು ಹತ್ತೂವರೆಯಿಂದ ಈಚೆಗೆ ಮಾತ್ರ. ಅದಕ್ಕೆ ಮೊದಲು ಬಂದೋರು ಗುತ್ತಿಗೆದಾರನ ಕಡೆಯವರು. ಅವರ ಹೆಸರು ವಿಶ್ವವಿದ್ಯಾಲಯದ ಸಂಬಳದ ಪುಸ್ತಕದಲ್ಲಿ ಇರೋದಿಲ್ಲ. ಅವರು ಯಾವ ಕೇರಿಯಿಂದ ಬರ್ತಾರೆ ಅಂತ ಹಾಸ್ಟೆಲ್ಲಿನ ಹುಡುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೊರಕೆ ಹಿಡಿದ ಆ ಕೈಗಳು ನಮ್ಮ ಅವ್ವಂದಿರ ಕೈಗಳೇ.

1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯ್ದೆ ಬಂತು. ಆ ಕಾಯ್ದೆಯ ಹೆಸರಿನಲ್ಲೇ 'ರದ್ದತಿ' ಅನ್ನೋ ಮಾತಿತ್ತು. 2025ರ ನವೆಂಬರಿನಲ್ಲಿ ಹೊಸ ಸಂಹಿತೆ ಬಂದು ಆ ಕಾಯ್ದೆಯನ್ನೇ ನುಂಗಿತು. ಕಾಯ್ದೆ ರದ್ದಾಯ್ತು, ಗುತ್ತಿಗೆ ರದ್ದಾಗಲಿಲ್ಲ.

ಸಮುದಾಯ ಕಟ್ಟೋಕೆ ಅಂತ ಈಗಲೂ ದುಡ್ಡು ಖರ್ಚಾಗ್ತಾ ಇದೆ. ಅದು ಹೋಗೋದು ಶಾಮಿಯಾನಕ್ಕೆ, ಶಾಲಿಗೆ, ಫಲಕಕ್ಕೆ, ಊಟಕ್ಕೆ. ಊಟವಾದ ಮೇಲೆ ಎಲೆ ಎತ್ತೋರು ಮಾತ್ರ ಸಮುದಾಯದ ಆಚೆ ನಿಂತಿರ್ತಾರೆ. 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳಿಂದ ಶುರುವಾಯ್ತು. ಹಳ್ಳಿ ದತ್ತು ತಗೊಂಡು ಶಿಬಿರ ಮಾಡಿದರು. ಒಳ್ಳೇದೇ. ಆದರೆ ದತ್ತು ತಗೊಳ್ಳೋಕೆ ಹಳ್ಳಿ ಹುಡುಕಿಕೊಂಡು ಹೋಗೋ ಬಸ್ಸು, ಆವರಣದೊಳಗೇ ಇರೋ ಕೇರಿಯನ್ನು ದಾಟಿಕೊಂಡೇ ಹೋಗುತ್ತಲ್ಲ!

ಕೆಲಸದ ಜಾಗದಲ್ಲಿ ಸಮುದಾಯ ಕಟ್ಟೋದು ಹೇಗೆ ಅಂತ ತೋರಿಸಿಕೊಟ್ಟವರು ಕೊಲ್ಹಾಪುರದ ಶಾಹು ಮಹಾರಾಜರು. ಅವರ ಅರಮನೆಯಲ್ಲಿ ಗಂಗಾರಾಮ ಕಾಂಬಳೆ ಅನ್ನೋ ದಲಿತ ಕೆಲಸಗಾರ ಇದ್ದ. ನೀರಿನ ತೊಟ್ಟಿ ಮುಟ್ಟಿದ ಅಂತ ಜೊತೆ ಕೆಲಸಗಾರರೇ ಅವನನ್ನು ಹೊಡೆದರು. ಹೊಡೆದವರಿಗೆ ಶಾಹು ಶಿಕ್ಷೆ ಕೊಟ್ಟರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಂಗಾರಾಮನಿಗೆ ನೆರವು ಕೊಟ್ಟು ಊರೊಳಗೆ ಚಹಾದ ಹೋಟೆಲು ಹಾಕಿಸಿದರು. ತಾವೇ ಹೋಗಿ ಅಲ್ಲಿ ಚಹಾ ಕುಡಿದರು, ಜೊತೆಯಲ್ಲಿದ್ದ ಮೇಲ್ಜಾತಿಯವರಿಗೂ ಕುಡಿಸಿದರು.

ಇದರಲ್ಲಿ ಮೂರು ವಿಷಯ ಇವೆ. ದುಡ್ಡು ಏಟು ತಿಂದವನ ಕೈಗೆ ಹೋಯ್ತು. ಕೆಲಸ ಅವನದೇ ಆಗಿತ್ತು, ಅವನ ಪರವಾಗಿ ಇನ್ನೊಬ್ಬರು ನಡೆಸಿದ್ದಲ್ಲ. ಮತ್ತೆ, ಅಧಿಕಾರ ಇದ್ದೋರೇ ಎದ್ದು ಅವನ ಬಾಗಿಲಿಗೆ ಬಂದರು. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಸಮುದಾಯ ಆಗೋದಿಲ್ಲ, ಧರ್ಮ ಕೊಟ್ಟ ಹಾಗಾಗುತ್ತೆ.

ಇನ್ನೊಂದು ಉದಾಹರಣೆ ಅಮೆರಿಕದ್ದು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ 'ಬ್ರಿಜ್' ಅನ್ನೋ ಕಾರ್ಯಕ್ರಮ ಶುರುವಾಯ್ತು. ಕಸ ಗುಡಿಸೋರು, ಅಡುಗೆಯವರು ಕೆಲಸದ ವೇಳೆಯಲ್ಲೇ ಪಾಠಕ್ಕೆ ಹೋಗಬಹುದು, ಸಂಬಳ ಕಡಿತ ಇಲ್ಲ. ಆದರೂ 2001ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅದೇ ಕೆಲಸಗಾರರಿಗೆ ಬದುಕುವಷ್ಟು ಕೂಲಿ ಕೊಡಿ ಅಂತ ಆಡಳಿತ ಕಟ್ಟಡದೊಳಗೆ 21 ದಿನ ಧರಣಿ ಕೂರಬೇಕಾಯ್ತು. ಪಾಠ ಕೂಲಿಗೆ ಬದಲಿಯಲ್ಲ ಅನ್ನೋದು ಇದರಿಂದ ಗೊತ್ತಾಗುತ್ತೆ.

ಇದನ್ನೇ ಹಿಡಿದು ನಮ್ಮ ಕೆಲವು ಸಂಗಾತಿಗಳು ವಾದ ಮಾಡ್ತಾರೆ: 'ಮೊದಲು ಕೆಲಸ ಖಾಯಂ ಮಾಡಲಿ, ಆಮೇಲೆ ಕೂಡಿ ಹಾಡೋಣ. ಈ ಅನುದಾನ ಗಿನುದಾನ ಎಲ್ಲ ಬೆಣ್ಣೆ ಹಚ್ಚೋ ಕೆಲಸ.' ಈ ಸಿಟ್ಟು ನ್ಯಾಯವಾದದ್ದು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕೂತಾಗಲೇ ಸರ್ಕಾರ ಖಾಯಂ ಮಾಡುವ ಮಾತಿಗೆ ಬಂದದ್ದು. ಆ ತೀರ್ಮಾನ ನಗರಸಭೆ, ಪಾಲಿಕೆಗಳದ್ದು. ವಿಶ್ವವಿದ್ಯಾಲಯದ ಗೇಟಿನ ಒಳಕ್ಕೆ ಅದು ಬರಲಿಲ್ಲ. ಯಾಕೆ? ಪಾಲಿಕೆಯ ಕಾರ್ಮಿಕರು ಒಬ್ಬರನ್ನೊಬ್ಬರು ಬಲ್ಲರು, ಅವರಿಗೆ ಸಂಘ ಇತ್ತು. ಆವರಣದೊಳಗೆ ಅಡುಗೆಯವನಿಗೆ ಕಾವಲಿನವನು ಗೊತ್ತಿಲ್ಲ, ಗುಡಿಸೋಳಿಗೆ ಗುಮಾಸ್ತ ಗೊತ್ತಿಲ್ಲ, ಮೇಷ್ಟ್ರಿಗೆ ಯಾರೂ ಗೊತ್ತಿಲ್ಲ. ಗುತ್ತಿಗೆದಾರನ ಬಲ ಇರೋದೇ ಈ ಗುರುತಿಲ್ಲದ ಬದುಕಿನಲ್ಲಿ. ಆದ್ದರಿಂದ ಕೂಡಿ ಮಾಡುವ ಕೆಲಸ ಹೋರಾಟಕ್ಕೆ ಅಡ್ಡಿಯಲ್ಲ. ಹೋರಾಟಕ್ಕೆ ಬೇಕಾದ ಪರಿಚಯ ಅಲ್ಲೇ ಹುಟ್ಟಬೇಕು.

ಹಾಗಾಗಿ ಅನುದಾನ ಕೊಡಿ ಅಂತೀವಿ. ಆದರೆ ಈ ಷರತ್ತುಗಳ ಮೇಲೆ:

ಒಂದು: ಅರ್ಜಿಯಲ್ಲಿ ಮೂರು ಸಹಿ ಇರಬೇಕು. ಒಬ್ಬ ಅಧ್ಯಾಪಕರದ್ದು, ಒಬ್ಬ ಕಚೇರಿ ನೌಕರರದ್ದು, ಒಬ್ಬ ಗುತ್ತಿಗೆ ಕಾರ್ಮಿಕರದ್ದು. ಹೆಬ್ಬೆಟ್ಟು ಒತ್ತಿದರೂ ಅದು ಸಹಿಯೇ. ಮೂರನೆಯದು ಇಲ್ಲದಿದ್ದರೆ ಅರ್ಜಿ ಕಸದ ಬುಟ್ಟಿಗೆ.

ಎರಡು: ಕೆಲಸ ನಡೆಯಬೇಕಾದದ್ದು ದುಡಿಮೆಯ ವೇಳೆಯಲ್ಲಿ, ಕೂಲಿ ಕಡಿಯದೆ. ಸಂಜೆ ಆರರ ಮೇಲೆ ಸಭೆ ಇಟ್ಟರೆ ಮನೇಲಿ ಮಕ್ಕಳಿರೋ ಹೆಂಗಸು ಬರೋಕಾಗಲ್ಲ.

ಮೂರು: ದುಡ್ಡು ಮುಂಗಡವಾಗಿ ಬರಬೇಕು. 'ಮೊದಲು ಖರ್ಚು ಮಾಡಿ, ಆಮೇಲೆ ಬಿಲ್ಲು ಕೊಡಿ' ಅನ್ನೋದು ಜೇಬು ತುಂಬಿದವರ ನಿಯಮ.

ನಾಲ್ಕು: ಕೈಗವಸು, ಬೂಟು, ಭವಿಷ್ಯನಿಧಿ ಇವೆಲ್ಲ ಕಾನೂನಿನ ಸಾಲ. ಅದನ್ನು ಈ ನಿಧಿಯಿಂದ ತೀರಿಸಕೂಡದು. ಮಲದ ಗುಂಡಿಗೆ ಮನುಷ್ಯರನ್ನು ಇಳಿಸೋದನ್ನು 2013ರ ಕಾಯ್ದೆಯೇ ನಿಷೇಧಿಸಿದೆ. 'ಸ್ವಚ್ಛತಾ ಯೋಜನೆ' ಅಂತ ಹೆಸರು ಬದಲಿಸಿ ಅದನ್ನು ಒಳಗೆ ತರಬಾರದು.

ಐದು: ಶಾಲು ಬೇಡ, ಫೋಟೋ ಬೇಡ. ವರ್ಷಕ್ಕೊಮ್ಮೆ ಲೆಕ್ಕವನ್ನು ಬಯಲಲ್ಲಿ, ಕನ್ನಡದಲ್ಲಿ, ಗಟ್ಟಿಯಾಗಿ ಓದಿ ಹೇಳಬೇಕು.

ಏನು ಕೆಲಸ ಮಾಡಬಹುದು ಅಂತ ಕೇಳ್ತೀರಾ? ಕಾರ್ಮಿಕರ ಮಕ್ಕಳಿಗೆ ಒಂದು ಶಿಶುವಿಹಾರ. ಹಾಸ್ಟೆಲ್ಲಿನ ಹಿಂದೆ ಅಡುಗೆಯವರೂ ಸಸ್ಯಶಾಸ್ತ್ರದವರೂ ಕೂಡಿ ಬೆಳೆಯೋ ಸೊಪ್ಪಿನ ಮಡಿ. ಗ್ರಂಥಾಲಯದ ಒಂದು ಕೋಣೆಯಲ್ಲಿ ಅಕ್ಷರ, ಅರ್ಜಿ, ಕಾನೂನು ಕಲಿಯೋ ತರಗತಿ. ಈ ಕಟ್ಟಡಗಳಿಗೆ ಕಲ್ಲು ಹೊತ್ತವರ ನೆನಪುಗಳನ್ನು ಇತಿಹಾಸ ವಿಭಾಗದವರು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳೋದು. ವಿಶ್ವವಿದ್ಯಾಲಯದ ಚರಿತ್ರೆ ಅಂದರೆ ಬರೀ ಕುಲಪತಿಗಳ ಪಟ್ಟಿಯಾ?

ದುಡ್ಡಿಲ್ಲ ಅಂತಾರೆ. ಇದೆಯೋ ಇಲ್ಲವೋ ನಾವೇ ನೋಡೋಣ. 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಪ್ರತಿ ಹಾಸ್ಟೆಲ್ಲಿನಿಂದ ಒಂದೊಂದು ಅರ್ಜಿ ಹೋಗಲಿ. ಕಳೆದ ಮೂರು ವರ್ಷ ಸಮಾರಂಭಗಳಿಗೆ ಎಷ್ಟು ಖರ್ಚಾಯ್ತು? ಗುತ್ತಿಗೆದಾರನಿಗೆ ಒಬ್ಬ ಕಾರ್ಮಿಕನ ಲೆಕ್ಕದಲ್ಲಿ ಎಷ್ಟು ಸಂದಾಯವಾಯ್ತು, ಕಾರ್ಮಿಕನ ಕೈಗೆ ಎಷ್ಟು ಬಂತು? ಈ ಎರಡು ಉತ್ತರ ಸಿಕ್ಕರೆ ಸಾಕು, ಮುಂದಿನ ಸಭೆಗೆ ನಮ್ಮ ಭಾಷಣ ತಯಾರು.

ಅಲ್ಲೀವರೆಗೂ ಒಂದು ಕೆಲಸ ಮಾಡಿ. ನಿಮ್ಮ ಹಾಸ್ಟೆಲ್ಲಿನ ಕಕ್ಕಸು ತೊಳೆಯೋರ ಹೆಸರು, ಊರು, ಅವರಿಗೆ ಬರೋ ಕೂಲಿ ಬರೆದುಕೊಂಡು ಮುಂದಿನ ಭಾನುವಾರದ ಸಭೆಗೆ ಬನ್ನಿ. ಅವರನ್ನೂ ಕರಕೊಂಡು ಬನ್ನಿ. ಕುರ್ಚಿ ಸಾಲದಿದ್ದರೆ ಎಲ್ಲರೂ ನೆಲದ ಮೇಲೇ ಕೂರೋಣ.

ಜೈ ಭೀಮ್.