ಕರಾವಳಿ: ರಂಗಸ್ಥಳದಾಚೆಯ ಸಮಾನತೆ
ಮಂಗಳೂರು: ಕಲೆ ಮತ್ತು ಸಮಾನತೆಯನ್ನು ಅರಿಯಲೆಂದು ಕರಾವಳಿಗೆ ಬರುವ ಯುವ ವಿನಿಮಯ ತಂಡಗಳು ಯಕ್ಷಗಾನದ ರಂಗಸ್ಥಳವನ್ನಷ್ಟೇ ಅಲ್ಲ, ಚೌಕಿಯನ್ನೂ ನೋಡಬೇಕು. ವೃತ್ತಿಮೇಳಗಳಲ್ಲಿ ದ್ರೌಪದಿ, ದಮಯಂತಿಯರ ವೇಷ ಕಟ್ಟುವವರು ಬಹುತೇಕ ಇಂದಿಗೂ ಗಂಡಸರೇ. ವೃತ್ತಿಪರ ಮೇಳದ ಮೊದಲ ಮಹಿಳಾ ಭಾಗವತರೆಂದೇ ಹೆಸರಾದ ಲೀಲಾವತಿ ಬೈಪಾಡಿತ್ತಾಯರಿಗೆ ರಾಜ್ಯೋತ್ಸವ ಪ್ರಶಸ್ತಿ ಸಂದದ್ದು 2023ರಲ್ಲಿ. ಮರುವರ್ಷವೇ ಅವರು ನಿಧನರಾದರು. ಹವ್ಯಾಸಿ ಮಹಿಳಾ ತಂಡಗಳಿಗೇನೂ ಕೊರತೆಯಿಲ್ಲ. ಕೊರತೆಯಿರುವುದು ಸಂಬಳದ ಕಲಾವಿದೆಯರಿಗೆ. ದೀಪಾವಳಿಯ ಬಳಿಕ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೇಳದಲ್ಲಿ ರಾತ್ರಿಯ ತಿರುಗಾಟ, ಎಲ್ಲರಿಗೂ ಒಂದೇ ಚೌಕಿ. ಹೆಣ್ಣಿಗೆ ಕಸುವು ಸಾಲದೆಂಬ ಹಳೆಯ ಮಾತಿಗಿಂತ ಈ ವ್ಯವಸ್ಥೆಯೇ ದೊಡ್ಡ ಅಡ್ಡಿ.

ದೈವಾರಾಧನೆಯ ಪ್ರಶ್ನೆ ಇನ್ನೂ ತೊಡಕಿನದು. ಕೋಲ ಕಟ್ಟುವ ಪರವ, ಪಂಬದ, ನಲಿಕೆಯವರಿಗೆ ಗುತ್ತಿನ ಯಜಮಾನರೂ ಕೈಮುಗಿಯುತ್ತಾರೆ, ಬಣ್ಣ ಅಳಿಸುವವರೆಗೆ. ಎರಡು ದಿನದ ಶಿಬಿರದಲ್ಲಿ ಮುಖವರ್ಣಿಕೆ ಕಲಿತು ಮರಳುವವರ ಕಣ್ಣಿಗೆ ಆ ಅನಂತರದ ಹೊತ್ತು ಬೀಳುವುದೇ ಇಲ್ಲ.